ಮನೆಗೆ ಹೋದ ಬಾಣಂತಿ ಹೇಗಿದ್ದಾಳೆ?

ಹೆರಿಗೆಯಾದ ಮೇಲೆ ಹೆಂಗಸಿನ ಮೈಯಿಂದ ಎಷ್ಟು ರಕ್ತ ಹೋಯಿತೆಂದು ಹೇಳುವುದು ಕಷ್ಟದ ಕೆಲಸ. ಸ್ವಲ್ಪ ಮಂಚದ ರೆಕ್ಸಿನ್ ಮೇಲೆ ಹರಡಿರುತ್ತದೆ, ಸ್ವಲ್ಪವನ್ನು ಬಟ್ಟೆ ಹೀರಿಕೊಂಡಿರುತ್ತದೆ, ಇನ್ನಷ್ಟು ಹತ್ತಿಯಲ್ಲಿ, ಗಾಜ್ ಉಂಡೆಗಳಲ್ಲಿ, ಮಂಚದ ಕೆಳಗಿನ ಬಕೆಟ್ಟಿನಲ್ಲಿ. ಅದರೊಳಗೆ ಗರ್ಭದ ನೀರು ಬೆರೆತಿರುತ್ತದೆ, ಮೂತ್ರ ಬೆರೆತಿರುತ್ತದೆ. ಆ ಹೊತ್ತಿನಲ್ಲಿ ಸಿಸ್ಟರ್‌ಗೆ ಒಂದು ಕಣ್ಣು ಕೂಸಿನ ಮೇಲೆ, ಅತ್ತಿತೋ ಇಲ್ಲವೋ ಎಂದು. ಇನ್ನೊಂದು ಕಣ್ಣು ಮಾಸು ಪೂರ್ತಿ ಬಿತ್ತೋ ಇಲ್ಲವೋ ಎಂದು. ಪಕ್ಕದ ಮಂಚದಲ್ಲಿ ಇನ್ನೊಬ್ಬಳು ನೋವು ತಿನ್ನುತ್ತಿರುತ್ತಾಳೆ. ಎಲ್ಲ ಮುಗಿದ ಮೇಲೆ ಕೇಸ್ ಶೀಟಿನಲ್ಲಿ ರಕ್ತಸ್ರಾವದ ಕಾಲಂ ಎದುರಾದಾಗ ಕಣ್ಣಂದಾಜೇ ಗತಿ. ಅರ್ಧ ಲೀಟರ್ ದಾಟಿದರೆ ಅಪಾಯ ಎನ್ನುತ್ತದೆ ವೈದ್ಯಶಾಸ್ತ್ರ. ಮೊದಲೇ ರಕ್ತಹೀನತೆಯಿಂದ ಬಿಳಿಚಿಕೊಂಡ ಹೆಣ್ಣುಮಗಳು ಅಷ್ಟನ್ನೂ ತಡೆಯಲಾರಳು.

ಈ ಕಣ್ಣಂದಾಜನ್ನು ಎಷ್ಟು ನಂಬಬಹುದು? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅಮೆರಿಕದ ಸಂಶೋಧಕರ ಜೊತೆ ಸೇರಿ ಅವರು ರೂಪಿಸಿದ ಸಾಧನ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಮಗು ಹೊರಬಂದು ಗರ್ಭದ ನೀರು ಹರಿದುಹೋದ ಮೇಲೆ ಇದನ್ನು ತಾಯಿಯ ಸೊಂಟದ ಕೆಳಗೆ ಹಾಸಿ, ಹೊಟ್ಟೆಯ ಸುತ್ತ ಲಾಡಿ ಕಟ್ಟುತ್ತಾರೆ. ಹಾಳೆಯ ತುದಿ ಆಲಿಕೆಯಂತೆ ಕಿರಿದಾಗುತ್ತ ಮಂಚದ ಅಂಚಿನಿಂದ ಚೀಲವಾಗಿ ಇಳಿಬೀಳುತ್ತದೆ. ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ರಕ್ತ ಎಷ್ಟು ಕೂಡಿತೆಂದು ಯಾರು ಬೇಕಾದರೂ ಓದಬಹುದು. ಬೆಳಗಾವಿ ಜಿಲ್ಲಾ ಆಸ್ಪತ್ರೆಯಲ್ಲಿ 123 ಬಾಣಂತಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಣ್ಣಂದಾಜು, ಇನ್ನೊಂದಕ್ಕೆ ಈ ಹಾಳೆ ಬಳಸಿ ನೋಡಿದರು. ಹಾಳೆಯಲ್ಲಿ ಸಿಕ್ಕ ಅಳತೆಗಿಂತ ಕಣ್ಣಂದಾಜು ಶೇ 33ರಷ್ಟು ಕಡಿಮೆ ಇತ್ತು. 600 ಮಿ.ಲೀ. ಹೋದ ಕಡೆ 400 ಎಂದು ಬರೆದುಕೊಂಡರೆ ಏನಾಗುತ್ತದೆ ಎಂದು ಯೋಚಿಸಿ. ಗೆರೆ ದಾಟಿದವಳು ದಾಟಿಲ್ಲವೆಂದು ದಾಖಲಾಗುತ್ತಾಳೆ, ವಾರ್ಡಿಗೆ ಹೋಗುತ್ತಾಳೆ, ಅಲ್ಲಿ ಕೈಕಾಲು ತಣ್ಣಗಾಗುವವರೆಗೆ ಯಾರಿಗೂ ತಿಳಿಯುವುದಿಲ್ಲ.

2006ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅದೇ ವರ್ಷ ಬೆಳಗಾವಿಯ ಇನ್ನೊಂದು ಅಧ್ಯಯನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ನನ್ನ ಮಟ್ಟಿಗೆ ನಮ್ಮ ರಾಜ್ಯದ ಹಳ್ಳಿಗಳಿಂದ ಹೊರಟ ಅತ್ಯಂತ ಮುಖ್ಯ ವೈದ್ಯಕೀಯ ಸಂಶೋಧನೆಗಳಲ್ಲಿ ಅದೂ ಒಂದು. ಆಗ ಹಳ್ಳಿಗಳಲ್ಲಿ ಎಷ್ಟೋ ಹೆರಿಗೆಗಳು ಇನ್ನೂ ಮನೆಯಲ್ಲೋ ಉಪಕೇಂದ್ರದಲ್ಲೋ ಆಗುತ್ತಿದ್ದವು, ಎಎನ್‌ಎಂ ಎಂದು ಕರೆಯುವ ಹಳ್ಳಿಯ ನರ್ಸ್ ಕೈಯಲ್ಲಿ. ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಇತ್ತು, ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಮನೆ ಹೆರಿಗೆಯಲ್ಲಿ ಅದನ್ನು ಕೊಡುವ ಅಧಿಕಾರವೂ ಎಎನ್‌ಎಂಗೆ ಇರಲಿಲ್ಲ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಬಿಸಿಲಿಗೆ ಕೆಡುವಂಥದ್ದಲ್ಲ, ಬಾಯಲ್ಲಿ ನುಂಗಿದರೆ ಸಾಕು. ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 25 ಎಎನ್‌ಎಂಗಳು 2002ರಿಂದ 2005ರವರೆಗೆ 1,620 ಮಹಿಳೆಯರಿಗೆ ಈ ಮಾತ್ರೆಯನ್ನೋ ಇದರಂತೆಯೇ ಕಾಣುವ ಹುಸಿ ಮಾತ್ರೆಯನ್ನೋ ಕೊಟ್ಟರು. ಯಾವುದು ಯಾವುದೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ, ನುಂಗಿದವರಿಗೂ ಗೊತ್ತಿರಲಿಲ್ಲ. ಹುಸಿ ಮಾತ್ರೆಯವರಲ್ಲಿ ಶೇ 12 ಮಂದಿಗೆ ಅತಿ ರಕ್ತಸ್ರಾವವಾದರೆ ನಿಜ ಮಾತ್ರೆಯವರಲ್ಲಿ ಶೇ 6.4 ಮಂದಿಗೆ ಮಾತ್ರ. ಒಂದು ಲೀಟರ್ ದಾಟುವಂಥ ಭೀಕರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಇಳಿಯಿತು. 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿಸ್ರಾವ ತಪ್ಪುತ್ತದೆ ಎಂಬ ಲೆಕ್ಕ ಸಿಕ್ಕಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ತೀರ್ಮಾನದ ಹಿಂದೆ ಬೆಳಗಾವಿ ಸೀಮೆಯ ಎಎನ್‌ಎಂಗಳ ದುಡಿಮೆ ಇದೆ.

ಈ ಎರಡೂ ಅಧ್ಯಯನಗಳಲ್ಲಿ ಹೊಸ ಔಷಧ ಹುಟ್ಟಲಿಲ್ಲ. ಇರುವ ಮಾತ್ರೆ, ಇರುವ ನರ್ಸ್, ಇರುವ ಮನೆ, ಇಷ್ಟು ಸೇರಿದಾಗ ತಾಯಿಗೆ ಕೊನೆಗೆ ಏನಾಯಿತು ಎಂದಷ್ಟೇ ಕೇಳಿದರು. ಆರೋಗ್ಯ ಸೇವೆಗಳ ಸಂಶೋಧನೆ ಎಂದರೆ ಇದೇ. ಪ್ರಯೋಗಾಲಯದ ಸಂಶೋಧನೆಗೆ ಸಿಗುವ ಹೆಸರು ಇದಕ್ಕೆ ಸಿಗುವುದಿಲ್ಲ, ಹಣವಂತೂ ಇನ್ನೂ ಕಡಿಮೆ.

ಕೊನೆಗೆ ಏನಾಯಿತು ಎಂಬ ಪ್ರಶ್ನೆಯನ್ನು ಹಟ ಹಿಡಿದು ಕೇಳಿದ ಮೊದಲಿಗರಲ್ಲಿ ಒಬ್ಬರು ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್. ಪ್ರತಿ ರೋಗಿಗೂ ಒಂದೊಂದು ಕಾರ್ಡ್ ಮಾಡಿ, ಮನೆಗೆ ಹೋದ ಒಂದು ವರ್ಷದ ಮೇಲೆ ಅವರು ಹೇಗಿದ್ದಾರೆಂದು ವಿಚಾರಿಸಿ ಬರೆಯಬೇಕು ಎನ್ನುವುದು ಅವರ ವಾದ. ತಾವು ಕೆಲಸ ಮಾಡುತ್ತಿದ್ದ ದೊಡ್ಡ ಆಸ್ಪತ್ರೆ ಒಪ್ಪದಿದ್ದಾಗ ತಾವೇ ಚಿಕ್ಕ ಆಸ್ಪತ್ರೆ ತೆರೆದರು. 1911ರಿಂದ 1916ರವರೆಗೆ ಅಲ್ಲಿಂದ ಬಿಡುಗಡೆಯಾದ 337 ರೋಗಿಗಳ ಚಿಕಿತ್ಸೆಯಲ್ಲಿ 123 ತಪ್ಪುಗಳಾಗಿವೆ ಎಂದು ಸ್ವತಃ ಅಚ್ಚು ಹಾಕಿಸಿ ಊರೂರಿನ ಆಸ್ಪತ್ರೆಗಳಿಗೆ ಕಳಿಸಿದರು. ಸಹೋದ್ಯೋಗಿಗಳು ಅವರನ್ನು ದೂರ ಮಾಡಿದರು. 1940ರಲ್ಲಿ ತೀರಿಕೊಂಡಾಗ ಸಮಾಧಿಗೆ ಕಲ್ಲು ಕೂಡ ಇರಲಿಲ್ಲ. ಅದನ್ನು ನಿಲ್ಲಿಸಿದ್ದು 2014ರಲ್ಲಿ.

ಆಮೇಲೆ ಬಂದವರು ಅವೆಡಿಸ್ ಡೊನಬೇಡಿಯನ್, ಬೈರೂತಿನಲ್ಲಿ ಹುಟ್ಟಿದ ಆರ್ಮೇನಿಯನ್ ವೈದ್ಯ. 1966ರ ತಮ್ಮ ಪ್ರಬಂಧದಲ್ಲಿ ಅವರು ಆಸ್ಪತ್ರೆಯ ಗುಣಮಟ್ಟ ನೋಡಲು ಮೂರು ಬಾಗಿಲು ತೆರೆದರು. ಏನೇನು ಇದೆ, ಅಂದರೆ ಕಟ್ಟಡ, ಉಪಕರಣ, ಸಿಬ್ಬಂದಿ. ಏನೇನು ಮಾಡಿದರು, ಅಂದರೆ ಕೈ ತೊಳೆದರೇ, ಬಿಪಿ ನೋಡಿದರೇ, ಹೊತ್ತಿಗೆ ಸರಿಯಾಗಿ ಔಷಧ ಕೊಟ್ಟರೇ. ಕೊನೆಗೆ ರೋಗಿಗೆ ಏನಾಯಿತು. ಒಂದು ಸರಿಯಿದ್ದರೆ ಮುಂದಿನದೂ ಸರಿಯಾಗುವ ಸಾಧ್ಯತೆ ಹೆಚ್ಚು, ಆದರೆ ಖಾತ್ರಿ ಏನಿಲ್ಲ. ಈ ಕೊನೆಯ ಮಾತಿನ ಅರ್ಥ ನಮ್ಮ ದೇಶದ ಹೆರಿಗೆ ಕೋಣೆಗಳಲ್ಲೇ ದೊಡ್ಡದಾಗಿ ಬಯಲಾಯಿತು.

ಅದರ ಮೊದಲ ಅಧ್ಯಾಯ ಕರ್ನಾಟಕದಲ್ಲಿ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಹೆರಿಗೆಗಾಗಿ ಒಂದು ಚೆಕ್‌ಲಿಸ್ಟ್ ಸಿದ್ಧಪಡಿಸಿತ್ತು. ಗರ್ಭಿಣಿ ದಾಖಲಾದಾಗ, ಮಗು ಹೊರಬರುವ ಮುಂಚೆ, ಹೆರಿಗೆಯಾದ ಒಂದು ಗಂಟೆಯೊಳಗೆ, ಮನೆಗೆ ಕಳಿಸುವಾಗ, ಹೀಗೆ ನಾಲ್ಕು ಸಲ ನರ್ಸ್ ಒಂದು ಗಳಿಗೆ ನಿಂತು ಪಟ್ಟಿ ನೋಡಿ ಗುರುತು ಹಾಕಬೇಕು. ಕೈ ತೊಳೆದಾಯಿತೇ, ಗ್ಲೌಸ್ ಇದೆಯೇ, ಬಿಪಿ ನೋಡಿದಿರಾ, ಮಗುವಿಗೆ ಉಸಿರು ಕೊಡುವ ಬ್ಯಾಗ್ ಕೈಗೆಟಕುವಂತಿದೆಯೇ, ಹುಟ್ಟಿದ ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಕೊಟ್ಟಿರಾ. 2010ರ ಜುಲೈನಿಂದ ಡಿಸೆಂಬರ್‌ವರೆಗೆ ನಮ್ಮ ರಾಜ್ಯದ ಉಪಜಿಲ್ಲಾ ಮಟ್ಟದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇದನ್ನು ಪರೀಕ್ಷಿಸಿದರು. ಪಟ್ಟಿ ಬರುವ ಮೊದಲು 499 ಹೆರಿಗೆಗಳನ್ನೂ ಬಂದ ಮೇಲೆ 795 ಹೆರಿಗೆಗಳನ್ನೂ ಪಕ್ಕದಲ್ಲೇ ನಿಂತು ಗಮನಿಸಿದರು. ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25. ಒಂದು ಕಾಗದ, ಒಂದಿಷ್ಟು ತರಬೇತಿ, ಅಷ್ಟಕ್ಕೇ ಇಷ್ಟು ಬದಲಾವಣೆ. ಎಂಥವರಿಗೂ ಹುಮ್ಮಸ್ಸು ಬರುವ ಅಂಕಿ ಅದು. ಆದರೆ ಸಾವುಗಳ ಬಗ್ಗೆ ಏನಾದರೂ ಹೇಳಲು ಆ ಅಧ್ಯಯನ ಚಿಕ್ಕದಾಗಿತ್ತು.

ದೊಡ್ಡ ಅಧ್ಯಯನಕ್ಕೆ ಆರಿಸಿದ್ದು ಉತ್ತರ ಪ್ರದೇಶ. ಅಲ್ಲಿನ 24 ಜಿಲ್ಲೆಗಳ 120 ಸರ್ಕಾರಿ ಆರೋಗ್ಯ ಕೇಂದ್ರಗಳನ್ನು ಜೋಡಿ ಜೋಡಿಯಾಗಿ ಆರಿಸಿ, 60 ಕಡೆ ಚೆಕ್‌ಲಿಸ್ಟ್ ಕೊಟ್ಟರು, 60 ಕಡೆ ಎಂದಿನಂತೆ ಬಿಟ್ಟರು. ಪಟ್ಟಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಅನುಭವಿ ನರ್ಸ್‌ಗಳನ್ನು ಮಾರ್ಗದರ್ಶಕರಾಗಿ ನೇಮಿಸಿ ಎಂಟು ತಿಂಗಳು ಕಾಲ ಮತ್ತೆ ಮತ್ತೆ ಅಲ್ಲಿಗೆ ಕಳಿಸಿದರು. ಅವರು ಬೈಯದೆ, ಮೇಲಧಿಕಾರಿಗೆ ಚಾಡಿ ಹೇಳದೆ, ಜೊತೆಗೆ ನಿಂತು ಕಲಿಸಿದರು. 2014ರಿಂದ 2016ರವರೆಗೆ 1.57 ಲಕ್ಷಕ್ಕೂ ಹೆಚ್ಚು ತಾಯಂದಿರು ಈ ಅಧ್ಯಯನದಲ್ಲಿ ಸೇರಿದರು. ಹಾರ್ವರ್ಡ್‌ನ ಅತುಲ್ ಗವಾಂಡೆ ಅವರ ತಂಡ ಇದರ ಮುಂದಾಳತ್ವ ವಹಿಸಿತ್ತು. ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್ ಸಾವುಗಳನ್ನು ಕಡಿಮೆ ಮಾಡಿತೆಂದು 2009ರಲ್ಲಿ ಪ್ರಕಟಿಸಿ ಹೆಸರಾದ ತಂಡ ಅದು.

ಎರಡನೆಯ ತಿಂಗಳಲ್ಲಿ ನೋಡಿದಾಗ ಪಟ್ಟಿ ಇದ್ದ ಕಡೆ 18 ಮುಖ್ಯ ಕೆಲಸಗಳಲ್ಲಿ ಶೇ 73ರಷ್ಟು ನಡೆಯುತ್ತಿದ್ದವು, ಇಲ್ಲದ ಕಡೆ ಶೇ 42ರಷ್ಟು. ಮಾರ್ಗದರ್ಶಕರು ಹೊರಟುಹೋದ ನಾಲ್ಕು ತಿಂಗಳ ಮೇಲೆ ನೋಡಿದಾಗ ಶೇ 62ಕ್ಕೆ ಇಳಿದಿತ್ತು, ಆದರೂ ಇನ್ನೊಂದು ಗುಂಪಿನ ಶೇ 44ಕ್ಕಿಂತ ಮೇಲೆಯೇ ಇತ್ತು. ಇಷ್ಟರಲ್ಲೇ ವರದಿ ಮುಗಿಸಿದ್ದರೆ ಅದೊಂದು ಯಶೋಗಾಥೆಯಾಗಿ ಸರ್ಕಾರಿ ಕೈಪಿಡಿಗಳಲ್ಲಿ ಕೂರುತ್ತಿತ್ತು. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಹೆರಿಗೆಯಾದ ಏಳು ದಿನಗಳೊಳಗೆ ಮಗು ಸತ್ತಿತೇ, ತಾಯಿ ಸತ್ತಳೇ, ತಾಯಿಗೆ ತೀವ್ರ ತೊಂದರೆ ಆಯಿತೇ ಎಂದು ಪ್ರತಿಯೊಂದು ಮನೆಗೂ ಫೋನ್ ಮಾಡಿ ಕೇಳಿದರು. ಫೋನಿನಲ್ಲಿ ಸಿಗದವರ ಮನೆ ಹುಡುಕಿಕೊಂಡು ಹೋದರು. ಈ ಮೂರರಲ್ಲಿ ಒಂದಾದರೂ ಆದದ್ದು ಪಟ್ಟಿ ಇದ್ದ ಕಡೆ ಶೇ 15.1, ಇಲ್ಲದ ಕಡೆ ಶೇ 15.3. ಅಂದರೆ ವ್ಯತ್ಯಾಸವೇ ಇಲ್ಲ.

2017ರ ಡಿಸೆಂಬರಿನಲ್ಲಿ ಪ್ರಕಟವಾದ ಈ ಫಲಿತಾಂಶದ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ನರ್ಸ್‌ಗಳು ಹೆಚ್ಚು ಸಲ ಕೈ ತೊಳೆದರು, ಹೆಚ್ಚು ಸಲ ಬಿಪಿ ನೋಡಿದರು, ಹೆಚ್ಚು ತಾಯಂದಿರಿಗೆ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಟ್ಟರು. ಆದರೂ ಸಾಯುವ ಕೂಸುಗಳು ಸತ್ತವು. ಯಾಕೆ? ಬಿಪಿ ಹೆಚ್ಚಿದೆ ಎಂದು ಪತ್ತೆ ಮಾಡಿದ ಮೇಲೆ ಮುಂದಿನ ಚಿಕಿತ್ಸೆ ಕೊಡಬಲ್ಲ ವೈದ್ಯರು ಅಲ್ಲಿರಬೇಕು. ಹೆರಿಗೆ ಮುಂದೆ ಸಾಗುತ್ತಿಲ್ಲ ಎಂದು ತಿಳಿದ ಮೇಲೆ ಸಿಸೇರಿಯನ್ ಮಾಡುವ ಜಾಗಕ್ಕೆ ಹೊತ್ತಿಗೆ ಮುಟ್ಟಿಸುವ ಗಾಡಿ ಇರಬೇಕು. ಅಳದ ಕೂಸಿಗೆ ಬ್ಯಾಗ್ ಹಿಡಿದು ಉಸಿರು ಕೊಡುವುದು ಕೈಗೆ ಒಗ್ಗಿದ ವಿದ್ಯೆ, ಪಟ್ಟಿಯಲ್ಲಿ ಗುರುತು ಹಾಕಿದರೆ ಬರುವಂಥದ್ದಲ್ಲ. ಆ ಅಧ್ಯಯನ ಹೊಸ ಉಪಕರಣವನ್ನಾಗಲಿ ಔಷಧವನ್ನಾಗಲಿ ಸರಬರಾಜು ಮಾಡಲಿಲ್ಲ, ಸಿಬ್ಬಂದಿಯನ್ನೂ ಹೆಚ್ಚಿಸಲಿಲ್ಲ. ಇರುವ ವ್ಯವಸ್ಥೆಯಲ್ಲೇ ಏನಾಗುತ್ತದೆ ಎಂದು ನೋಡುವುದು ಅವರ ಉದ್ದೇಶವಾಗಿತ್ತು. ಶೇ 73 ಎಂದರೆ ಇನ್ನೂ ಕಾಲು ಭಾಗಕ್ಕಿಂತ ಹೆಚ್ಚು ಕೆಲಸ ಆಗುತ್ತಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಚೆಕ್‌ಲಿಸ್ಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನನ್ನ ಮನೆಯ ಹೆಣ್ಣುಮಕ್ಕಳ ಹೆರಿಗೆಗೆ ನಿಂತ ಸಿಸ್ಟರ್ ಆ ಪಟ್ಟಿ ನೋಡಿಕೊಂಡೇ ಕೆಲಸ ಮಾಡಲಿ ಎಂದು ಬಯಸುತ್ತೇನೆ. ನನಗೆ ದೊಡ್ಡದಾಗಿ ಕಂಡದ್ದು ಬೇರೆ ಸಂಗತಿ. ತಾವೇ ಕಟ್ಟಿದ ಕನಸು ಫಲಿಸಲಿಲ್ಲ ಎಂದು ತೋರಿಸುವ ಲೆಕ್ಕವನ್ನು ಆ ತಂಡ ಕೊನೆಯ ಮನೆಯವರೆಗೆ ಹೋಗಿ ಮಾಡಿತು, ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ಆ ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರಲ್ಲಿ ಶೇ 99.7 ಮಂದಿಯ ಗತಿ ಏನಾಯಿತೆಂಬ ವಿವರ ಅವರಿಗೆ ಸಿಕ್ಕಿತ್ತು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ!

ಕೊನೆಯ ಮನೆಯವರೆಗೆ ಹೋಗದಿದ್ದರೆ ಯಾವ ಅನಾಹುತ ಕಣ್ಣಿಗೆ ಬೀಳದೆ ಹೋಗುತ್ತಿತ್ತು ಎಂಬುದಕ್ಕೆ ಇನ್ನೊಂದು ಅಧ್ಯಯನ ಸಾಕ್ಷಿ. ಅದರಲ್ಲೂ ಬೆಳಗಾವಿ ಇತ್ತು, ನಾಗಪುರ ಇತ್ತು, ಜೊತೆಗೆ ಅರ್ಜೆಂಟೀನಾ, ಗ್ವಾಟೆಮಾಲಾ, ಕೀನ್ಯಾ, ಪಾಕಿಸ್ತಾನ, ಜಾಂಬಿಯಾ. ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ ಕಂಡರೆ ತಾಯಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಅದರಿಂದ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಶ್ರೀಮಂತ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ಇದು ಎಷ್ಟೋ ಕೂಸುಗಳನ್ನು ಉಳಿಸಿದೆ, ಅದರಲ್ಲಿ ಅನುಮಾನವಿಲ್ಲ. ಹಾಗಾದರೆ ಹಳ್ಳಿ ಮಟ್ಟದಲ್ಲೂ ಕೊಡಿಸೋಣ ಎಂದು ಹೊರಟರು. ಎಲ್ಲರ ಮನಸ್ಸೂ ಒಳ್ಳೆಯದೇ ಇತ್ತು.

2015ರಲ್ಲಿ ಬಂದ ಫಲಿತಾಂಶ ಎದೆ ಒಡೆಯುವಂಥದ್ದು. ಯಾವ ಚಿಕ್ಕ ಕೂಸುಗಳಿಗಾಗಿ ಇಷ್ಟೆಲ್ಲ ಮಾಡಿದ್ದರೋ ಅವುಗಳ ಸಾವು ಇಳಿಯಲಿಲ್ಲ. ಎಲ್ಲ ಕೂಸುಗಳನ್ನೂ ಸೇರಿಸಿ ನೋಡಿದಾಗ ಹುಟ್ಟಿದ 28 ದಿನಗಳೊಳಗಿನ ಸಾವು ಸಾವಿರಕ್ಕೆ 23.9 ಇದ್ದದ್ದು ಚುಚ್ಚುಮದ್ದಿನ ಗುಂಪಿನಲ್ಲಿ 27.4 ಆಗಿತ್ತು. ತಾಯಂದಿರಲ್ಲಿ ಸೋಂಕೂ ಹೆಚ್ಚಿತ್ತು. ಎಷ್ಟು ತಿಂಗಳ ಬಸಿರು ಎಂದು ನಿಖರವಾಗಿ ಗೊತ್ತಿಲ್ಲದ ಕಡೆ, ತುಂಬು ತಿಂಗಳ ಎಷ್ಟೋ ತಾಯಂದಿರಿಗೂ ಆ ಮದ್ದು ಹೋಗಿತ್ತು. ಅಗತ್ಯವಿಲ್ಲದವರಿಗೆ ಕೊಟ್ಟ ಮದ್ದಿನಿಂದ ಲಾಭವಿಲ್ಲ, ಅಪಾಯ ಮಾತ್ರ ಉಳಿಯಿತು. ಆ ಸಂಶೋಧಕರು ಇಂಜೆಕ್ಷನ್ ತೆಗೆದುಕೊಂಡವರನ್ನಷ್ಟೇ ನೋಡಿದ್ದರೆ, ‘ಇಷ್ಟು ಜನಕ್ಕೆ ಮುಟ್ಟಿಸಿದೆವು’ ಎಂಬ ಸಂಖ್ಯೆಯನ್ನಷ್ಟೇ ಬರೆದುಕೊಂಡಿದ್ದರೆ, ಇದು ಗೊತ್ತಾಗುತ್ತಲೇ ಇರಲಿಲ್ಲ. ಊರಿನ ಎಲ್ಲ ಹೆರಿಗೆಗಳನ್ನೂ, ಎಲ್ಲ ಕೂಸುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ ಗೊತ್ತಾಯಿತು. ಐದು ವರ್ಷಗಳ ಮೇಲೆ, ಬಸಿರಿನ ವಾರಗಳನ್ನು ಸ್ಕ್ಯಾನಿಂಗ್‌ನಿಂದ ಖಚಿತಪಡಿಸಿಕೊಂಡು, ಕೂಸಿನ ಆರೈಕೆಗೆ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಮಾತ್ರ ಅದೇ ಮದ್ದನ್ನು ಕೊಟ್ಟು ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ ನೋಡಿದಾಗ ಕೂಸುಗಳ ಸಾವು ಶೇ 23.5ರಿಂದ ಶೇ 19.6ಕ್ಕೆ ಇಳಿಯಿತು. ಅದೇ ಸೀಸೆ, ಅದೇ ಮದ್ದು. ಕೊಟ್ಟ ಜಾಗ ಬೇರೆ, ಫಲ ಬೇರೆ.

ಈಗ ನಮ್ಮ ರಾಜ್ಯದ ಅಂಕಿಗಳಿಗೆ ಬರುತ್ತೇನೆ. 2005ರಲ್ಲಿ, ಆಸ್ಪತ್ರೆ ಹೆರಿಗೆಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಳ್ಳುವುದು ದೇಶದುದ್ದಕ್ಕೂ ರೂಢಿಯಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ ಶೇ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ. ನಮ್ಮ ಅಜ್ಜಿಯರ ಕಾಲಕ್ಕೆ ಹೋಲಿಸಿದರೆ ಇದು ಬಹು ದೊಡ್ಡ ಸಾಧನೆ. ಆದರೆ 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54 ತಾಯಂದಿರು ಸತ್ತರೆ ಕರ್ನಾಟಕದಲ್ಲಿ 69. ಮರುವರ್ಷದ ಲೆಕ್ಕದಲ್ಲಿ 63ಕ್ಕೆ ಇಳಿಯಿತು. ದೇಶದ ಸರಾಸರಿಗಿಂತ ನಾವು ಮೇಲು, ನಿಜ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕೊನೆಗೆ ನಿಂತಿದ್ದೇವೆ. ಆಸ್ಪತ್ರೆಯ ಬಾಗಿಲವರೆಗೆ ಹೆಣ್ಣುಮಗಳನ್ನು ಕರೆತಂದ ಮೇಲೂ ಸಾವು ತಪ್ಪುತ್ತಿಲ್ಲವೆಂದರೆ ಪ್ರಶ್ನೆ ಬಾಗಿಲಿನ ಒಳಗಿನದು.

ಇದು ಹೆರಿಗೆಗೆ ಮಾತ್ರ ಸೀಮಿತವಲ್ಲ. 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು 2016ರಲ್ಲಿ ಭಾರತದಲ್ಲಿ ಸರಿಯಾದ ಚಿಕಿತ್ಸೆಯಿಂದ ತಪ್ಪಿಸಬಹುದಾಗಿದ್ದ ಸಾವುಗಳನ್ನು ಅಂದಾಜು ಮಾಡಿತ್ತು. ಆಸ್ಪತ್ರೆಯನ್ನೇ ಮುಟ್ಟದೆ ಸತ್ತವರು 8.4 ಲಕ್ಷದಷ್ಟು, ಆಸ್ಪತ್ರೆ ಮುಟ್ಟಿಯೂ ಒಳ್ಳೆಯ ಆರೈಕೆ ಸಿಗದೆ ಸತ್ತವರು 16 ಲಕ್ಷದಷ್ಟು. ಸುಮಾರು ಎರಡು ಪಟ್ಟು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ ರಾಜ್ಯವೇ ತಲ್ಲಣಿಸಿತು. ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು, ವಿಧಾನಸಭೆಯಲ್ಲಿ ಗದ್ದಲವಾಯಿತು. ಅದರ ನಂತರ ಸರ್ಕಾರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ ಶೇ 70ಕ್ಕೂ ಹೆಚ್ಚನ್ನು ತಪ್ಪಿಸಬಹುದಾಗಿತ್ತು ಎಂಬುದು ತೀರ್ಮಾನ. ಆ ಪರಿಶೀಲನೆ ನಡೆದದ್ದು, ಅದರ ತೀರ್ಮಾನ ಹೊರಬಂದದ್ದು ಒಳ್ಳೆಯದೇ. ಆದರೆ ಸಾವಿನ ಸುದ್ದಿ ಟೀವಿಯಲ್ಲಿ ಬಂದಾಗ ಮಾತ್ರ ಎಣಿಕೆಗೆ ಕೂರುವುದು ಆರೋಗ್ಯ ವ್ಯವಸ್ಥೆಯ ಲಕ್ಷಣವಾಗಬಾರದು. ಸತ್ತವರ ಹಿಂದೆ, ಸಾವಿನ ಅಂಚಿಗೆ ಹೋಗಿ ಬಂದವರು ಎಷ್ಟೋ ಮಂದಿ ಇರುತ್ತಾರೆ. ಗರ್ಭಕೋಶ ಕಳೆದುಕೊಂಡವರು, ಹೊಲಿಗೆ ಕೀವಾಗಿ ತಿಂಗಳುಗಟ್ಟಲೆ ನರಳಿದವರು, ಐದಾರು ಬಾಟಲಿ ರಕ್ತ ಹಾಕಿಸಿಕೊಂಡು ಬದುಕಿದವರು. ಡಿಸ್ಚಾರ್ಜ್ ರಿಜಿಸ್ಟರ್‌ನಲ್ಲಿ ‘ತಾಯಿ ಮಗು ಆರೋಗ್ಯ’ ಎಂಬ ಮಾತಿನ ಮೇಲೆ ಸಹಿ ಬಿದ್ದ ಮೇಲೆ ಆ ಆಸ್ಪತ್ರೆಗೂ ಇವರಿಗೂ ಸಂಬಂಧ ಹರಿಯಿತು.

ಎಣಿಕೆ ಎಂದ ಕೂಡಲೇ ಸಿಬ್ಬಂದಿಗೆ ಭಯವಾಗುತ್ತದೆ, ಆ ಭಯ ಸುಳ್ಳಲ್ಲ. ಸಾವಿಗೊಂದು ನೋಟಿಸ್, ಸಾವಿಗೊಂದು ಅಮಾನತು ಎಂದಾದರೆ ತಾಲ್ಲೂಕು ಆಸ್ಪತ್ರೆ ಏನು ಮಾಡುತ್ತದೆ? ಕಷ್ಟದ ಕೇಸ್ ಕಂಡೊಡನೆ ರೆಫರ್ ಚೀಟಿ ಬರೆದು ಆಂಬುಲೆನ್ಸ್ ಹತ್ತಿಸುತ್ತದೆ. ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ, ಸಾವು ಅಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಹೀಗೆ ಬೆಂಗಳೂರಿನ ವಾಣಿವಿಲಾಸದಂಥ, ಹುಬ್ಬಳ್ಳಿಯ ಕಿಮ್ಸ್‌ನಂಥ ಆಸ್ಪತ್ರೆಗಳು ಸುತ್ತಲಿನ ಜಿಲ್ಲೆಗಳ ಕಷ್ಟವನ್ನೆಲ್ಲ ಹೊರುತ್ತವೆ. ಬರೀ ಸಾವಿನ ಸಂಖ್ಯೆ ಇಟ್ಟುಕೊಂಡು ಎರಡು ಆಸ್ಪತ್ರೆಗಳನ್ನು ಹೋಲಿಸಿದರೆ ಅತ್ಯಂತ ಕಷ್ಟದ ಕೆಲಸ ಮಾಡುವವರೇ ಅಪರಾಧಿಗಳಾಗಿ ಕಾಣುತ್ತಾರೆ. ಬಂದವಳ ಸ್ಥಿತಿ ಹೇಗಿತ್ತು, ಎಲ್ಲಿಂದ ಬಂದಳು, ಎಷ್ಟು ಗಂಟೆ ತಡವಾಗಿ ಬಂದಳು ಎಂಬುದನ್ನು ಲೆಕ್ಕದಲ್ಲಿ ಸೇರಿಸದೆ ಹೋಲಿಕೆ ಮಾಡುವುದು ಅನ್ಯಾಯ.

ಈ ವಿಷಯದಲ್ಲಿ ಕೇರಳದಿಂದ ಕಲಿಯುವುದಿದೆ. ಅಲ್ಲಿನ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ತಾಯಂದಿರ ಸಾವುಗಳ ಗೋಪ್ಯ ಪರಿಶೀಲನೆ ನಡೆಸುತ್ತ ಬಂದಿದೆ. ಬ್ರಿಟನ್ನಿನಲ್ಲಿ 1952ರಿಂದ ನಡೆದುಬಂದ ಪದ್ಧತಿಯ ಮಾದರಿ ಅದು. ತಾಯಿಯ ಹೆಸರು, ವೈದ್ಯರ ಹೆಸರು, ಆಸ್ಪತ್ರೆಯ ಹೆಸರು ಎಲ್ಲ ಅಳಿಸಿದ ಮೇಲೆಯೇ ಕಡತ ಪರಿಶೀಲಕರ ಕೈಗೆ ಹೋಗುತ್ತದೆ. ಯಾರ ತಪ್ಪು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಎಲ್ಲಿ ಕೈ ತಪ್ಪಿತು ಎಂಬುದಷ್ಟೇ. ರಕ್ತಸ್ರಾವವೇ ಮುಖ್ಯ ಕಾರಣವೆಂದು ಕಂಡಾಗ ಅದಕ್ಕೆ ಏನೇನು ಮಾಡಬೇಕೆಂಬ ನಿಯಮಗಳನ್ನು ತಾವೇ ಬರೆದುಕೊಂಡರು. ಕೇರಳದ ಅಂಕಿ ಚಿಕ್ಕದಾಗಲು ಸಾಕ್ಷರತೆ, ರಸ್ತೆ, ಸಣ್ಣ ಕುಟುಂಬ ಹೀಗೆ ಬೇರೆ ಕಾರಣಗಳೂ ಇವೆ. ಆದರೂ ಸರ್ಕಾರ ಹೇಳುವವರೆಗೆ ಕಾಯದೆ ವೈದ್ಯರೇ ತಮ್ಮ ಕೈಯಲ್ಲಾದ ಸಾವುಗಳನ್ನು ಮುಂದಿಟ್ಟುಕೊಂಡು ಕೂತದ್ದು ಗೌರವಕ್ಕೆ ಅರ್ಹ.

ಎಣಿಸಿದ್ದು ಆ ಗಳಿಗೆಯಲ್ಲೇ ಕೈಗೆ ಕೆಲಸ ಕೊಟ್ಟರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ಆಫ್ರಿಕಾ ತೋರಿಸಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳು, 2.10 ಲಕ್ಷ ಹೆರಿಗೆಗಳು. ಒಂದು ಗುಂಪಿನ ಆಸ್ಪತ್ರೆಗಳಲ್ಲಿ, ಬೆಳಗಾವಿಯಲ್ಲಿ ಕಂಡ ಹಾಳೆಯ ಬಗೆಯದೇ ಅಳತೆ ಗೆರೆಯ ಹಾಳೆಯನ್ನು ಪ್ರತಿ ತಾಯಿಯ ಕೆಳಗೆ ಹಾಸಿದರು. ರಕ್ತ ಗೆರೆ ಮುಟ್ಟಿದೊಡನೆ ನರ್ಸ್ ಯಾರನ್ನೂ ಕೇಳಲು ಓಡಬೇಕಿಲ್ಲ. ಹೊಟ್ಟೆ ತಿಕ್ಕಿ ಗರ್ಭಕೋಶ ಗಟ್ಟಿಯಾಗುವಂತೆ ಮಾಡುವುದು, ಆಕ್ಸಿಟೋಸಿನ್, ರಕ್ತ ನಿಲ್ಲಲು ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಹರಿದಿದೆಯೇ ಎಂದು ಪರೀಕ್ಷೆ, ನಿಲ್ಲದಿದ್ದರೆ ಮೇಲಿನವರಿಗೆ ಕರೆ, ಎಲ್ಲವೂ ಒಂದಾದ ಮೇಲೆ ಒಂದರಂತೆ ಕಾಯದೆ ಒಟ್ಟಿಗೇ. ಹಿಂದಿನ ರೀತಿಯಲ್ಲಿ ನಡೆದ ಆಸ್ಪತ್ರೆಗಳಲ್ಲಿ ಅತಿಸ್ರಾವದ ಅರ್ಧದಷ್ಟು ಮಾತ್ರ ಪತ್ತೆಯಾದರೆ ಇಲ್ಲಿ ಶೇ 93 ಪತ್ತೆಯಾಯಿತು. ಪೂರ್ತಿ ಚಿಕಿತ್ಸೆ ಸಿಕ್ಕವರು ಅಲ್ಲಿ ಶೇ 19, ಇಲ್ಲಿ ಶೇ 91. ಲೀಟರ್ ದಾಟಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಮೂರನ್ನೂ ಸೇರಿಸಿದರೆ ಅಲ್ಲಿ ಶೇ 4.3, ಇಲ್ಲಿ ಶೇ 1.6. ಆ ವರ್ಷಾಂತ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು. ಉತ್ತರ ಪ್ರದೇಶದಲ್ಲಿ ಆಗದ್ದು ಇಲ್ಲಿ ಹೇಗೆ ಆಯಿತು? ನನಗೆ ತೋಚುವಂತೆ, ಅಲ್ಲಿ ಎಲ್ಲ ಅಪಾಯಗಳನ್ನೂ ಒಂದೇ ಪಟ್ಟಿಯಲ್ಲಿ ಹಿಡಿಯಲು ಹೋದರು. ಇಲ್ಲಿ ಒಂದೇ ಅಪಾಯ ಆರಿಸಿಕೊಂಡು ಪತ್ತೆಯಿಂದ ಚಿಕಿತ್ಸೆಯವರೆಗಿನ ದಾರಿಯನ್ನು ಪೂರ್ತಿ ಹಾಸಿದರು. ಅದೂ ಆಪರೇಷನ್ ಮಾಡಬಲ್ಲ ಆಸ್ಪತ್ರೆಗಳಲ್ಲಿ.

ನಮ್ಮಲ್ಲಿ ಇಲ್ಲದಿರುವುದು ಮಾಹಿತಿಯಲ್ಲ. ಆಸ್ಪತ್ರೆಯಲ್ಲಿ ಹೆತ್ತು ಬಂದ ಪ್ರತಿ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಹೋಗಬೇಕೆಂಬ ನಿಯಮ ಇದೆ. ಹೋಗುತ್ತಾರೆ ಕೂಡ, ಬಿಸಿಲಿರಲಿ ಮಳೆಯಿರಲಿ. ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ‘ಏನವ್ವಾ, ಮೈ ಬಿಸಿ ಆಗೇತೇನು? ಕೂಸು ಹಾಲು ಛಲೋ ಕುಡೀತೈತಿಲ್ಲೋ?’ ಎಂದು ವಿಚಾರಿಸುತ್ತಾರೆ. ಬಟ್ಟೆಯ ಜೋಲಿಯಲ್ಲಿ ಕೂಸನ್ನಿಟ್ಟು ತೂಗುತ್ತಾರೆ. ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾರೆ. ಗಡಿಯಾರ ಹಿಡಿದು ಕೂಸಿನ ಎದೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಎಣಿಸುತ್ತಾರೆ. ಅರವತ್ತು ಮುಟ್ಟಿದರೆ ಅಪಾಯ. ಅಜ್ಜಿ ‘ಏನೂ ಆಗಿಲ್ಲ ಬಿಡ್ರಿ ಅಕ್ಕಾರ’ ಎಂದರೂ ಬಿಡದೆ ಬಾಣಂತಿಯನ್ನು ಪಕ್ಕಕ್ಕೆ ಕರೆದು ಮೈಲಿಗೆ ಹೆಚ್ಚು ಹೋಗುತ್ತಿದೆಯೇ, ವಾಸನೆ ಇದೆಯೇ, ಹೊಲಿಗೆ ನೋಯುತ್ತಿದೆಯೇ ಎಂದು ಕೇಳುತ್ತಾರೆ. ಎಲ್ಲವನ್ನೂ ನಮೂನೆಯಲ್ಲಿ ಬರೆಯುತ್ತಾರೆ.

ಆ ನಮೂನೆ ಮುಂದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತದೆ, ಅವರ ಪ್ರೋತ್ಸಾಹಧನದ ಲೆಕ್ಕಕ್ಕೆ ಬಳಕೆಯಾಗುತ್ತದೆ, ಅಂಕಿಗಳು ಮೇಲಕ್ಕೆ ಜಿಲ್ಲೆಗೆ, ರಾಜಧಾನಿಗೆ ಏರುತ್ತವೆ. ಹೆರಿಗೆ ಮಾಡಿಸಿದ ತಾಲ್ಲೂಕು ಆಸ್ಪತ್ರೆಯ ಲೇಬರ್ ರೂಮಿಗೆ ಮಾತ್ರ ಬರುವುದಿಲ್ಲ. ಕಳೆದ ತಿಂಗಳು ತನ್ನ ಕೈಯಲ್ಲಿ ಹೆರಿಗೆಯಾದ ಹೆಂಗಸರಲ್ಲಿ ಎಷ್ಟು ಮಂದಿಗೆ ಏಳನೇ ದಿನ ಜ್ವರ ಬಂತು, ಎಷ್ಟು ಮಂದಿಯ ಹೊಲಿಗೆ ಬಿಚ್ಚಿತು, ಎಷ್ಟು ಕೂಸುಗಳು ತಿಂಗಳೊಪ್ಪತ್ತಿನಲ್ಲಿ ತೀರಿಕೊಂಡವು, ಅಲ್ಲಿನ ಸಿಸ್ಟರ್‌ಗೆ ಯಾರೂ ಹೇಳುವುದಿಲ್ಲ. ಹೇಳದಿದ್ದರೆ ಅವರು ಏನನ್ನು ತಿದ್ದಿಕೊಳ್ಳಬೇಕು? ಹೆರಿಗೆ ಕೋಣೆಗಳ ಗುಣಮಟ್ಟಕ್ಕಾಗಿಯೇ 2017ರ ಕೊನೆಯಲ್ಲಿ ಕೇಂದ್ರ ಸರ್ಕಾರ ‘ಲಕ್ಷ್ಯ’ ಎಂಬ ಕಾರ್ಯಕ್ರಮ ತಂದಿತು. ಕೋಣೆಯ ವಿನ್ಯಾಸ, ಉಪಕರಣ, ಕಾರ್ಯವಿಧಾನಗಳಿಗೆ ಅಂಕ ಕೊಟ್ಟು ಪ್ರಮಾಣಪತ್ರ ನೀಡುತ್ತಾರೆ. ಅದು ಬೇಕಾದದ್ದೇ, ಅದರಿಂದ ಎಷ್ಟೋ ಕೋಣೆಗಳ ಸ್ವರೂಪವೇ ಬದಲಾಗಿದೆ. ಡೊನಬೇಡಿಯನ್ ತೆರೆದ ಮೂರನೆಯ ಬಾಗಿಲಿನ ಕಡೆಗೂ ಈಗ ಹೆಜ್ಜೆ ಇಡಬೇಕು.

ಇದಕ್ಕೆ ಹೊಸ ಆ್ಯಪ್ ಬೇಕಿಲ್ಲ. ಆಶಾ ಕಾರ್ಯಕರ್ತೆಯರ ಹೆಗಲ ಮೇಲೆ ಈಗಿರುವ ಆ್ಯಪ್‌ಗಳ ಭಾರವೇ ಸಾಕಷ್ಟಿದೆ. ತಾಯಿ ಕಾರ್ಡಿನ ಸಂಖ್ಯೆ ಹಿಡಿದು ಅವರ ನಮೂನೆಗಳನ್ನು ಹೆರಿಗೆಯಾದ ಆಸ್ಪತ್ರೆವಾರು ವಿಂಗಡಿಸಿ, ತಿಂಗಳಿಗೊಮ್ಮೆ ಆ ಲೇಬರ್ ರೂಮಿನ ಸಿಸ್ಟರ್‌ಗಳ ಮುಂದೆ ಇಡಲು ತಾಲ್ಲೂಕಿಗೆ ಒಬ್ಬ ಗುಮಾಸ್ತ ಸಾಕು. ನಮೂನೆ ಬಾರದ ಮನೆಗಳಿಗೆ ಫೋನ್ ಮಾಡಲು ಇನ್ನೊಬ್ಬರು. ಆ ಸಭೆಯಲ್ಲಿ ಅಧಿಕಾರಿಗಳು ಇರಬಾರದು, ಹೆಸರು ಬರೆದುಕೊಳ್ಳಬಾರದು. ಅಲ್ಲಿ ಆಡಿದ ಮಾತು ನೋಟಿಸಿಗೆ ಆಧಾರವಾಗುವುದಿಲ್ಲವೆಂದು ಸರ್ಕಾರ ಲಿಖಿತವಾಗಿ ಹೇಳಬೇಕು. ಮನೆಮನೆಗೆ ಆ ನಮೂನೆ ಹೊತ್ತು ತಿರುಗಿದ ಆಶಾ ಕಾರ್ಯಕರ್ತೆಗೂ ಅಲ್ಲಿ ಒಂದು ಕುರ್ಚಿ ಇರಬೇಕು, ಯಾಕೆಂದರೆ ಬಾಣಂತಿ ಬಾಯಿಬಿಟ್ಟು ಹೇಳದ್ದನ್ನು ಕಂಡವರು ಅವರೊಬ್ಬರೇ. ಬೆಳಗಾವಿ ಜಿಲ್ಲೆಯಿಂದಲೇ ಶುರು ಮಾಡಬಹುದು. ಅಲ್ಲಿನ ಆಯ್ದ ಹಳ್ಳಿಗಳಲ್ಲಿ ಸಂಶೋಧನೆಗಾಗಿ ಪ್ರತಿ ಗರ್ಭಿಣಿಯ ಹೆಸರು ದಾಖಲಿಸಿ, ಹೆರಿಗೆಯಾದ 42ನೇ ದಿನದವರೆಗೂ ತಾಯಿ ಮಗು ಹೇಗಿದ್ದಾರೆಂದು ವಿಚಾರಿಸುವ ಕೆಲಸ ಹದಿನೈದು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆಯುತ್ತಿದೆ. ಅದನ್ನು ಮಾಡಿ ಗೊತ್ತಿರುವ ಜನ ಅಲ್ಲಿದ್ದಾರೆ. ಪಕ್ಕದ ತಾಲ್ಲೂಕಿಗೆ ಬಂದು ಕಲಿಸಿಕೊಡಿ ಎಂದು ಅವರನ್ನು ಕರೆಯುವುದಷ್ಟೇ ಬಾಕಿ.